ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಹಕ್ಕಿ ಮತ್ತು ಪ್ರಾಣಿ ಎರಡನ್ನೂ ನೋಡಲು ಯಾವಾಗ ಹೋಗಬೇಕು?

ಹಕ್ಕಿಗಳೇ ಮುಖ್ಯ ಅಂದ್ರೆ ನವೆಂಬರ್‌ನಿಂದ ಮಾರ್ಚ್ ಒಳಗೆ ಹೋಗಿ. ಆ ಭಾಗದಲ್ಲಿ ಅದು ಮಳೆಗಾಲ. ಯೂರೋಪಿನ ಪತ್ರಂಗ, ನೀಲಕಂಠಗಳೆಲ್ಲ ವಲಸೆ ಬಂದಿರುತ್ತವೆ. ಆದರೆ ಹುಲ್ಲು ಎತ್ತರ ಬೆಳೆದು ಸಿಂಹ, ಚಿರತೆ ಕಾಣುವುದು ಕಷ್ಟ. ಅವೇ ಬೇಕಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ಒಳ್ಳೆಯದು. ನೀರು ಬತ್ತಿ ಪ್ರಾಣಿಗಳು ಹೊಂಡಗಳಿಗೇ ಬರುತ್ತವೆ.

ಸ್ವಂತ ಕಾರಿನಲ್ಲೇ ಸುತ್ತಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ಮಿತಿ. ಹಕ್ಕಿ ಬೇಕಾದವರಿಗೆ ಅದೂ ಜಾಸ್ತಿನೇ! ಅನುಮತಿ ಇರುವ ಜಾಗ ಬಿಟ್ಟು ಎಲ್ಲೂ ಕೆಳಗಿಳಿಯಬೇಡಿ.

ಸ್ಕುಕೂಜಾ ಕ್ಯಾಂಪಿನ ಹತ್ತಿರದ ಲೇಕ್ ಪ್ಯಾನಿಕ್ ತಪ್ಪಿಸಲೇಬೇಡಿ. ಕೆರೆಯಂಚಿಗೆ ಹಕ್ಕಿ ನೋಡಲೆಂದೇ ಮರದ ಮರೆ ಕಟ್ಟಿದ್ದಾರೆ. ಬೆಳಗ್ಗೆ ಬೇಗ ಹೋಗಿ, ಸುಮ್ನೆ ಕೂತುಬಿಡಿ. ಆಫ್ರಿಕಾದ ದೇವನಕ್ಕಿ ಉದ್ದ ಬೆರಳುಗಳನ್ನು ಹರಡಿಕೊಂಡು ನೈದಿಲೆ ಎಲೆಗಳ ಮೇಲೆ ನಡೆಯುತ್ತದೆ. ಅದರ ಗಂಡು ಹಕ್ಕಿ ಮರಿಗಳನ್ನು ರೆಕ್ಕೆಯಡಿ ಅವುಚಿಕೊಂಡು ಹೊರುತ್ತದೆ, ಹೊರಗೆ ಬರೀ ಕಾಲುಗಳು ಜೋತಾಡುತ್ತಿರುತ್ತವೆ. ಪಕ್ಕದಲ್ಲೇ ನೀರಾನೆ, ಮೊಸಳೆ ಕಾಣಬಹುದು.

ಅಲ್ಲಿ ಮಲೇರಿಯಾ ಇದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಹೊರಡುವ ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ಶುರು ಮಾಡಿ.