ಕಿನ್ನಾಳದ ಗೊಂಬೆ ಮಾಡುವವರು ವರ್ಷಕ್ಕೆ 6,000 ರೂಪಾಯಿ ಕೊಟ್ಟು ಆನ್‌ಲೈನ್ ಡೈರೆಕ್ಟರಿ ಸೇರಬೇಕೇ, ಇನ್‌ಸ್ಟಾಗ್ರಾಂ ಸಾಕೇ?

ಅಪ್ಪ ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುತ್ತಾರೆ, ಆನ್‌ಲೈನ್ ಡೈರೆಕ್ಟರಿಯವರು ವರ್ಷಕ್ಕೆ 6,000 ಕೇಳುತ್ತಿದ್ದಾರೆ, ಕೊಡಲೇ, ಇನ್‌ಸ್ಟಾಗ್ರಾಂ ಸಾಕೇ, ಜಿಎಸ್‌ಟಿ ಬೇಕೇ ಅಂತ ಕೇಳಿದ್ದೀರಿ. ಅದರಲ್ಲಿ ‘ಅಪ್ಪ’ ಇರುವ ಕಡೆ ‘ಸೋದರಮಾವ’ ಅಂತ ಹಾಕಿದರೆ ಅದು ನನ್ನದೇ ಪ್ರಶ್ನೆ. ಗೊಂಬೆ ಮಾಡುವವರು ಅವರು, ಫೋನ್ ಎತ್ತುವವನು ನಾನು.

ದುಡ್ಡು ಕೊಡಬೇಡಿ. ಈಗಲಂತೂ ಬೇಡ. ಡೈರೆಕ್ಟರಿಯೋ ಇನ್‌ಸ್ಟಾಗ್ರಾಮೋ ಅನ್ನುವ ಲೆಕ್ಕವನ್ನೂ ಬಿಡಿ, ಎರಡಕ್ಕೂ ಬರುವ ಜನ ಒಂದೇ ಅಲ್ಲ. ಡೈರೆಕ್ಟರಿ ತೆರೆದು ನಂಬರ್ ಹುಡುಕುವವರು ಕೊಳ್ಳುವುದೆಂದು ಅರ್ಧ ತೀರ್ಮಾನ ಮಾಡಿಯೇ ಬಂದಿರುತ್ತಾರೆ: ದೇವರ ಕೋಣೆಗೆ ಗರುಡ ಬೇಕಾದವರು, ದಸರಾ ಗೊಂಬೆ ಕೂರಿಸುವವರು, ಕಚೇರಿ ಸಮಾರಂಭಕ್ಕೆ ಸ್ಮರಣಿಕೆ ಹುಡುಕುವವರು, ಮನೆಯ ಒಳಾಂಗಣ ಮಾಡಿಕೊಡುವವರು. ಇವರು ಮೂರ್ನಾಲ್ಕು ಕಲಾವಿದರ ಪುಟ ನೋಡಿ, ಅಳತೆ, ಬೆಲೆ, ಎಷ್ಟು ದಿನ ಅನ್ನುವುದನ್ನು ಮನೆಯವರಿಗೋ ಮೇಲಿನವರಿಗೋ ಮೆಸೇಜ್ ಮಾಡಿ ಒಪ್ಪಿಗೆ ಕೇಳುತ್ತಾರೆ. ‘ಬೆಲೆಗೆ ಕರೆ ಮಾಡಿ’ ಎಂದು ಬರೆದ ಪುಟ ಆ ಮೆಸೇಜಿನಲ್ಲಿ ಇರುವುದೇ ಇಲ್ಲ. ಪ್ಲಾಟಿನಂ ಪ್ಲಾನ್ ತಗೊಂಡು ಮೊದಲನೇ ಸಾಲಿನಲ್ಲಿ ಕೂತರೂ ಇರುವುದಿಲ್ಲ.

ಬೆಲೆ ಹಾಕಿದರೆ ಆಯ್ತಲ್ಲ ಅನ್ನಬೇಡಿ, ನಮಗೆ ಪೆಟ್ಟು ಬಿದ್ದದ್ದೇ ಅಲ್ಲಿ. ಬೆಲೆಯ ಪಕ್ಕ ‘ಕೊರಿಯರ್ ಸೇರಿ’ ಅಂತ ಬರೆದಿದ್ದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಡೈರೆಕ್ಟರಿಗೆ ಕೊಡುವ 6,000ಕ್ಕಿಂತ ಹೆಚ್ಚು ದುಡ್ಡು ಸೋರಿಹೋಗುವುದು ಈ ತೂತಿನಲ್ಲೇ.

ಕೊರಿಯರಿನವರು ತಕ್ಕಡಿಯ ತೂಕಕ್ಕಷ್ಟೇ ದುಡ್ಡು ತಗೊಳ್ಳುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ ಕಿಲೋ ಲೆಕ್ಕ. ಅದು ಮತ್ತು ನಿಜವಾದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ನಮ್ಮ ಗೊಂಬೆ ಹಗುರ ಮರದ್ದು, ಆಕಾರ ಮಾತ್ರ ದೊಡ್ಡದು. ಈ ಲೆಕ್ಕ ನಮ್ಮಂಥವರಿಗೇ ತಿರುಗಿ ಬೀಳುತ್ತದೆ. ಒಂದೂವರೆ ಅಡಿ ಗರುಡ ತಗೊಳ್ಳಿ. 45 ಸೆಂ.ಮೀ. ಎತ್ತರ, ರೆಕ್ಕೆ ಸೇರಿ 40 ಅಗಲ, 25 ದಪ್ಪ. ಸುತ್ತಲೂ ಏಳೂವರೆ ಸೆಂ.ಮೀ. ಮೆತ್ತೆ ಬಿಟ್ಟರೆ ಪೆಟ್ಟಿಗೆ 60, 55, 40. ಗುಣಿಸಿದರೆ 1,32,000, ಭಾಗಿಸಿದರೆ 26.4. ತಕ್ಕಡಿಗೆ ಇಟ್ಟರೆ ಪ್ಯಾಕಿಂಗ್ ಸೇರಿ ಆರು ಕಿಲೋ ದಾಟದ ಪೆಟ್ಟಿಗೆಗೆ 27 ಕಿಲೋದ ಬಾಡಿಗೆ! ಆರು ಕಿಲೋ ಲೆಕ್ಕದಲ್ಲಿ ‘ಸೇರಿ’ ಎಂದು ಬರೆದ ಮೇಲೆ ಮಿಕ್ಕ 21 ಕಿಲೋ ಹೋಗುವುದು ಕುಶಲಕರ್ಮಿಯ ಕೂಲಿಯಿಂದ.

ಅಂಗಡಿಯಲ್ಲಿ ಬಾಯಲ್ಲಿ ಹೇಳಿದ ಬೆಲೆಯಾದರೆ ಮರುದಿನ ತಿದ್ದಬಹುದು. ಡೈರೆಕ್ಟರಿಯಲ್ಲಿ ಹಾಕಿದ್ದು ಹಾಗಲ್ಲ. ಒಂದು ಡೈರೆಕ್ಟರಿಯ ಮಾಹಿತಿಯನ್ನು ಇನ್ನೊಂದು ನಕಲು ಮಾಡುತ್ತದೆ, ಮೂಲದಲ್ಲಿ ನೀವು ತಿದ್ದಿದರೂ ನಕಲಿನಲ್ಲಿ ಹಳೆಯದೇ ಉಳಿಯುತ್ತದೆ, ಗಿರಾಕಿ ಅದರ ಸ್ಕ್ರೀನ್‌ಶಾಟ್ ಹಿಡಿದು ‘ನೀವೇ ಬರೆದಿದ್ದೀರಲ್ಲ’ ಅನ್ನುತ್ತಾರೆ. ಅವರದೇನೂ ತಪ್ಪಿಲ್ಲ. ಅದಕ್ಕೆ ಪ್ರತಿ ಬೆಲೆಯ ಜೊತೆ ಮೂರು ಮಾತು ಇರಲೇಬೇಕು: ಇದು ಕಿನ್ನಾಳದಲ್ಲಿ ಕೈಗೆ ಕೊಡುವ ಬೆಲೆ, ಪ್ಯಾಕಿಂಗ್ ಮತ್ತು ಸಾಗಣೆ ಬೇರೆ, ಇಂಥ ತಿಂಗಳವರೆಗೆ ಮಾತ್ರ.

ಪೆಟ್ಟಿಗೆಯನ್ನೇ ಸಣ್ಣದು ಮಾಡಲೂಬಹುದು. ರೆಕ್ಕೆಯನ್ನು ಅಂಟಿಸುವ ಬದಲು ಮರದ ಗೂಟದ ಮೇಲೆ ಕೂರುವಂತೆ ಮಾಡಿದರೆ ಬಿಚ್ಚಿ ಬೆನ್ನ ಹಿಂದೆ ಚಪ್ಪಟೆ ಇಡಬಹುದು. ಅಗಲ 20ಕ್ಕೆ ಇಳಿಯುತ್ತದೆ. ಮೆತ್ತೆ ಸುತ್ತಲೂ 5 ಸೆಂ.ಮೀ. ಸಾಕಾದರೆ ಪೆಟ್ಟಿಗೆ 55, 30, 35, ಅಂದರೆ ಹನ್ನೆರಡು ಕಿಲೋ ಒಳಗೆ. ಹಿರಿಯರು ಒಪ್ಪುವುದು ಕಷ್ಟ, ಗೊತ್ತು. ದೇವರ ರೆಕ್ಕೆ ಬಿಚ್ಚುವುದಾ ಅಂತಾರೆ. ಪುಟದಲ್ಲಿ ಮಾತ್ರ ಗೊಂಬೆಯ ಅಳತೆಯ ಕೆಳಗೇ ಪೆಟ್ಟಿಗೆಯ ಅಳತೆಯನ್ನೂ ಬರೆಯಿರಿ, ಗಿರಾಕಿಯೇ ಸಾಗಣೆ ಲೆಕ್ಕ ಹಾಕಿಕೊಳ್ಳುತ್ತಾರೆ. ಬೆಂಗಳೂರು, ಹುಬ್ಬಳ್ಳಿ ಕಡೆಯ ಗಿರಾಕಿಗೆ ಸಾರಿಗೆ ಬಸ್ಸಿನ ‘ನಮ್ಮ ಕಾರ್ಗೋ’ ದರವನ್ನೂ ಕೊಪ್ಪಳ ಬಸ್ ನಿಲ್ದಾಣದಲ್ಲಿ ವಿಚಾರಿಸಿ ನೋಡಿ. ಗಿರಾಕಿಯೇ ನಿಲ್ದಾಣಕ್ಕೆ ಬಂದು ಬಿಡಿಸಿಕೊಳ್ಳಬೇಕು ಅನ್ನುವುದನ್ನು ಮೊದಲೇ ಹೇಳಿಬಿಡಿ.

ಪ್ಯಾಕಿಂಗ್ ವಿಷಯ ಬಂತು ಅಂತ ಒಂದು ಮಾತು. ಹೊಸ ಬಣ್ಣದ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಬೇಡಿ, ಒಳಗೆ ಪೂರ್ತಿ ಆರದ ಬಣ್ಣದ ಮೇಲೆ ಗುಳ್ಳೆಗಳ ಗುರುತು ಮೂಡುತ್ತದೆ. ಮೊದಲು ತೆಳು ಮಲ್‌ಬಟ್ಟೆ ಅಥವಾ ಬಟರ್ ಪೇಪರ್, ಆಮೇಲೆ ಬಬಲ್. ಕೊಕ್ಕು, ಬೆರಳು, ಕಿರೀಟದ ತುದಿಗೆ ಬೇರೆಯಾಗಿ ಹತ್ತಿ. ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಬಿಗಿದರೆ ಗೊಂಬೆಯ ಲೇಪದಲ್ಲಿರುವ ಹುಣಸೆ ಬೀಜದ ಅಂಟಿಗೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದಲ್ಲಂತೂ ಖಾತ್ರಿ. ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಇನ್ನು ಪುಟ. ‘ವಿಜಯನಗರ ಕಾಲದಿಂದ ಬಂದ ಪಾರಂಪರಿಕ ಚಿತ್ರಗಾರರ ಅದ್ಭುತ ಕಲೆ’ ಅನ್ನುವ ಸಾಲು ಎಲ್ಲರ ಪುಟದಲ್ಲೂ ಇದೆ. ಇರಲಿ, ಆದರೆ ಕೊನೆಗೆ ಹಾಕಿ. ಮೇಲೆ ಇರಬೇಕಾದ್ದು ಹೀಗೆ:

‘ಗರುಡ, ಕೈಯಲ್ಲಿ ಕೆತ್ತಿದ್ದು, ಲೇಥ್ ಕೆಲಸವಲ್ಲ. ಎತ್ತರ 45 ಸೆಂ.ಮೀ., ರೆಕ್ಕೆ ಸೇರಿ ಅಗಲ 40, ದಪ್ಪ 25. ರೆಕ್ಕೆ ಬಿಚ್ಚಬಹುದು. ಹಗುರ ಮರ, ಸೆಣಬಿನ ಚಿಂದಿ ಮತ್ತು ಹುಣಸೆ ಬೀಜದ ಅಂಟಿನ ಲೇಪ (ಕಿಟ್ಟ), ಲಾಜವಾರದ ಲೋಹದಂಥ ಹೊಳಪು. ಒಣ ಬಟ್ಟೆಯಲ್ಲಿ ಮಾತ್ರ ಒರೆಸಬೇಕು, ನೀರು ತಾಗಬಾರದು. ಬೇಸಿಗೆಯಲ್ಲಿ ಇಷ್ಟು ದಿನ, ಮಳೆಗಾಲದಲ್ಲಿ ಇಷ್ಟು ದಿನ. ಅರ್ಧ ಮುಂಗಡ.’

‘ಲೇಥ್ ಕೆಲಸವಲ್ಲ’ ಅನ್ನುವುದು ಯಾಕೆಂದರೆ ಕರ್ನಾಟಕದ ಮರದ ಗೊಂಬೆ ಅಂದಕೂಡಲೇ ಜನರ ತಲೆಗೆ ಬರುವುದು ಚನ್ನಪಟ್ಟಣ. ಅಲ್ಲಿನದು ಆಲೆ ಮರವನ್ನು ಲೇಥ್ ಯಂತ್ರದಲ್ಲಿ ತಿರುಗಿಸಿ ಅರಗು ಹಚ್ಚಿದ ಗುಂಡು ಕೆಲಸ, ಅದರ ಬೆಲೆ ತಲೆಯಲ್ಲಿಟ್ಟುಕೊಂಡವರಿಗೆ ನಿಮ್ಮ ಬೆಲೆ ದುಬಾರಿ ಅನ್ನಿಸುತ್ತದೆ. ಮಳೆಗಾಲದ ದಿನ ಬೇರೆ ಬರೆಯುವುದು ಕಿಟ್ಟ ಆರದಿದ್ದರೆ ಮುಂದಿನ ಲೇಪ ಬಿರುಕು ಬಿಡುವುದರಿಂದ. ಗಣೇಶ ಚೌತಿ, ದಸರಾ, ಗೌರಿ ಹುಣ್ಣಿಮೆಯ ಆರ್ಡರುಗಳೆಲ್ಲ ಬರುವುದು ಆ ಒದ್ದೆ ತಿಂಗಳುಗಳಲ್ಲೇ ಅನ್ನುವುದು ನಮ್ಮ ಕರ್ಮ.

ಊರ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದೇ ಇಲ್ಲ. ಜಿಐ (ಊರಿನ ಹೆಸರಿನ ಕಸುಬಿಗೆ ಕೊಡುವ ಭೌಗೋಳಿಕ ಗುರುತು) ನೋಂದಣಿಯಲ್ಲಿ ಎಚ್ ಅಕ್ಷರವಿರುವ ‘ಕಿನ್ಹಾಳ್’ ಇದೆ, ಜನ ಎರಡು ಎನ್ ಹಾಕಿಯೂ ಹುಡುಕುತ್ತಾರೆ. ವಿವರಣೆಯಲ್ಲಿ ಎರಡೂ ಒಂದೊಂದು ಸಲ ಬರಲಿ, ಕನ್ನಡದಲ್ಲೂ ಒಂದು ಸಲ, ಜೊತೆಗೆ ‘ಕೊಪ್ಪಳ’. ಹೆಸರಿನ ಜಾಗದಲ್ಲಿ ಮಾತ್ರ ಇವನ್ನೆಲ್ಲ ತುರುಕಬೇಡಿ, ಗೂಗಲ್ ಅಂಥ ಪುಟಗಳನ್ನು ಅಮಾನತು ಮಾಡಬಹುದು.

ಫೋಟೋದಲ್ಲಿ ನಮ್ಮ ಗೊಂಬೆಗೆ ಶತ್ರು ಫ್ಲ್ಯಾಶ್. ಲಾಜವಾರದ ಲೋಹದ ಹೊಳಪಿನ ಮೇಲೆ ಬೆಳಕು ಬಿದ್ದ ಕಡೆ ಬಿಳಿ ಚುಕ್ಕೆ, ಉಳಿದ ಕಡೆ ಕಪ್ಪು. ಲೇಪದಿಂದ ಎಬ್ಬಿಸಿದ ಒಡವೆಯ ಕೆಲಸ ಪೂರ್ತಿ ಮಾಯ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ ತೆಗೆಯಿರಿ. ಬೆಳಕು ಬರುವ ಬಾಗಿಲಿಗೆ ಬಿಳಿ ಪಂಚೆ ಕಟ್ಟಿದರೆ ಹೊಳಪು ಹದಕ್ಕೆ ಬರುತ್ತದೆ. ಹಿಂದೆ ಬೂದು ಅಥವಾ ಖಾದಿ ಬಣ್ಣದ ಬಟ್ಟೆ, ಹೂವಿನ ಬೆಡ್‌ಶೀಟ್ ದಯವಿಟ್ಟು ಬೇಡ. ಮೊಬೈಲನ್ನು ಮೂಗಿನ ಹತ್ತಿರ ಹಿಡಿದರೆ ಗೊಂಬೆಯ ಹೊಟ್ಟೆ ದೊಡ್ಡದಾಗಿ ಕಾಲು ಸಣ್ಣದಾಗುತ್ತದೆ. ಐದಾರು ಅಡಿ ಹಿಂದೆ ಸರಿದು, ಗೊಂಬೆಯ ಎದೆಯ ಮಟ್ಟಕ್ಕೆ ಕೂತು, ಎರಡು ಪಟ್ಟು ಜೂಮ್ ಮಾಡಿ. ಮೊಬೈಲ್ ಪರದೆಯಲ್ಲಿ ಹೊಳೆಯುವ ಜಾಗದ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಕೆಳಗೆಳೆಯಿರಿ. ಮುಂದೆ, ಓರೆ, ಹಿಂದೆ, ಮುಖದ ಹತ್ತಿರದ್ದು, ಮತ್ತು ಅಪ್ಪ ಕೈಯಲ್ಲಿ ಹಿಡಿದಿರುವುದು, ಐದು ಸಾಕು. ಕೈಯಲ್ಲಿ ಹಿಡಿದ ಫೋಟೋ ಇಲ್ಲದಿದ್ದರೆ ‘ಇಷ್ಟು ಚಿಕ್ಕದಾ’ ಎಂಬ ಜಗಳ ತಪ್ಪಿದ್ದಲ್ಲ. ಡೈರೆಕ್ಟರಿಯವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವಾದರೆ ಫೋಟೋ ಹಿಂಡಿ ಹೋಗುತ್ತದೆ.

ಈಗ ಆ 6,000 ಕೇಳುವವರ ವಿಷಯ. ದುಡ್ಡು ಕೊಡುವ ಮೊದಲು ನಿಮ್ಮ ಹಳೆಯ ಹುಡುಕಾಟ ಲೆಕ್ಕಕ್ಕೆ ಬರದ ಹಾಗೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿ ತೆರೆದು, ಗಿರಾಕಿ ಹುಡುಕುವ ಹಾಗೆ ಹುಡುಕಿ ನೋಡಿ. ಮೊದಲ ಪುಟದಲ್ಲಿ ಆ ಡೈರೆಕ್ಟರಿಯೇ ಕಾಣದಿದ್ದರೆ ಅದರೊಳಗೆ ನೀವು ಎಷ್ಟನೇ ಸಾಲಿನಲ್ಲಿದ್ದರೇನು? ಕಂಡರೆ, ಅದರಲ್ಲಿ ಬೇರೊಬ್ಬ ಕಲಾವಿದರ ಪುಟ ತೆರೆಯಿರಿ. ಫೋನ್ ನಂಬರ್ ನೇರ ಕಾಣುತ್ತದೋ, ಲಾಗಿನ್ ಕೇಳುತ್ತದೋ, ‘ಎನ್‌ಕ್ವೈರಿ ಕಳಿಸಿ’ ಎಂಬ ಗುಂಡಿ ಮಾತ್ರ ಇದೆಯೋ? ಬರೀ ಗುಂಡಿ ಇದ್ದರೆ ಗಿರಾಕಿಯ ವಿಚಾರಣೆ ಮೊದಲು ಅವರಿಗೆ ಹೋಗುತ್ತದೆ, ಅದನ್ನೇ ಏಳೆಂಟು ಮಾರಾಟಗಾರರಿಗೆ ಹಂಚುವ ವ್ಯವಹಾರವೂ ಇದೆ. ನಿಮ್ಮ ಪುಟವನ್ನು ನೀವೇ ತಿದ್ದಬಹುದೇ, ಹಣ ನಿಲ್ಲಿಸಿದ ಮೇಲೆ ಅಳಿಸುತ್ತಾರೋ ಹಳೇ ಬೆಲೆಯೊಂದಿಗೆ ಹಾಗೇ ಬಿಡುತ್ತಾರೋ, ಫೋಟೋಗಳನ್ನು ಬೇರೆ ಕಡೆ ಬಳಸುವ ಹಕ್ಕು ಬರೆಸಿಕೊಳ್ಳುತ್ತಾರೋ, ಇದನ್ನು ಬಾಯಿಮಾತಿನಲ್ಲಿ ಅಲ್ಲ, ಇಮೇಲಿನಲ್ಲಿ ಕೇಳಿ. ಉತ್ತರ ಬರದಿದ್ದರೆ ಅದೇ ಉತ್ತರ.

ಬಿಟ್ಟಿ ಸಿಗುವುದನ್ನು ಮೊದಲು ಮುಗಿಸಿ. ಗೂಗಲ್ ಹುಡುಕಾಟದಲ್ಲಿ, ಮ್ಯಾಪಿನಲ್ಲಿ ನೀವು ಕಾಣುವಂತೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಪರಿಶೀಲನೆಗೆ ಈಗ ಹೆಚ್ಚಾಗಿ ವೀಡಿಯೊ ಕೇಳುತ್ತಾರೆ. ಬೀದಿಯಿಂದ ಶುರುಮಾಡಿ, ಮನೆಯ ಬೋರ್ಡು, ಉಳಿ, ಅರ್ಧ ಕೆತ್ತಿದ ಗೊಂಬೆ ಎಲ್ಲವನ್ನೂ ಕತ್ತರಿಸದೆ ಒಂದೇ ಓಟದಲ್ಲಿ ತೋರಿಸಬೇಕು. ಬೋರ್ಡಿಲ್ಲದ ಮನೆಗೆ ತೊಂದರೆ, ಒಂದು ಬರೆಸಿಬಿಡಿ. ಹಳ್ಳಿ ವಿಳಾಸ ಸರಿಯಾಗಿ ಕೂರದಿದ್ದರೆ ಜಾಗ ಗುರುತಿಸುವ ಮ್ಯಾಪಿನ ಪ್ಲಸ್ ಕೋಡ್ ಹಾಕಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್ ಮಾಡಿ, ಡೈರೆಕ್ಟರಿಯಲ್ಲಿ ಅದರ ಲಿಂಕ್ ಕೊಡಿ. ಲಿಂಕಿನಲ್ಲಿ ನಂಬರಿನ ಮುಂದೆ 91 ಬೇಕು, ಸೊನ್ನೆಯಾಗಲೀ ಪ್ಲಸ್ ಗುರುತಾಗಲೀ ಇರಬಾರದು. ಇದ್ದರೆ ಲಿಂಕ್ ಕೈಕೊಡಬಹುದು, ಗಿರಾಕಿ ನಿಮಗೆ ಹೇಳುವುದೂ ಇಲ್ಲ.

ಅಪ್ಪನಿಗೆ ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್ ಇಲ್ಲದಿದ್ದರೆ ಮಾಡಿಸಿ. ಅದೇ ಸಚಿವಾಲಯದ ಇಂಡಿಯಾ ಹ್ಯಾಂಡ್‌ಮೇಡ್ ತಾಣದಲ್ಲಿ ಕಮಿಷನ್ ಇಲ್ಲದೆ ಮಾರಬಹುದು. ಜಿಐ ಹೆಸರನ್ನು ಬಳಸುವ ಹಕ್ಕಿಗೆ ಹಾಕುವ ‘ಅಧಿಕೃತ ಬಳಕೆದಾರ’ ಅರ್ಜಿ ಚೆನ್ನೈನ ನೋಂದಣಿ ಕಚೇರಿಗೆ ಹೋಗುತ್ತದೆ. 2020ರ ತಿದ್ದುಪಡಿಯಲ್ಲಿ ಅದರ ಶುಲ್ಕವನ್ನು 500 ರೂಪಾಯಿಯಿಂದ 10ಕ್ಕೆ ಇಳಿಸಿದರು. ಆ ನೋಂದಣಿ ಸಂಖ್ಯೆ ನಿಮ್ಮ ಪುಟದಲ್ಲಿದ್ದರೆ ಯಾವ ಪ್ಲಾಟಿನಂ ಬ್ಯಾಡ್ಜೂ ಬೇಡ. ಕಾರ್ಡಿನ ಅಥವಾ ಆಧಾರಿನ ಫೋಟೋವನ್ನು ಮಾತ್ರ ಎಲ್ಲೂ ಏರಿಸಬೇಡಿ.

ಜಿಎಸ್‌ಟಿ ಬಗ್ಗೆ ಕೇಳಿದ್ದೀರಿ. ಬರೀ ನಂಬರ್ ತೋರಿಸುವ ಡೈರೆಕ್ಟರಿಗೆ ಅದು ಬೇಕಿಲ್ಲ. ದುಡ್ಡು ತಾವೇ ಪಡೆದು ಮಾರಿಕೊಡುವ ತಾಣವಾದರೆ, 2023ರ ಅಕ್ಟೋಬರ್ 1ರಿಂದ ವಹಿವಾಟಿನ ಮಿತಿಯೊಳಗಿನವರು ಪೂರ್ತಿ ನೋಂದಣಿಯಿಲ್ಲದೆ, ಜಿಎಸ್‌ಟಿ ಪೋರ್ಟಲಿನ ಎನ್‌ರೋಲ್‌ಮೆಂಟ್ ಸಂಖ್ಯೆ ಪಡೆದು ರಾಜ್ಯದೊಳಗೆ ಮಾರಬಹುದು.

ನಂಬರ್ ಹೊರಗೆ ಬಿದ್ದ ವಾರದಲ್ಲೇ ಒಂದು ಕರೆ ಬಂದೀತು. ಹಿಂದಿಯಲ್ಲಿ, ಸೈನ್ಯದವರು ಅಂತ, ಬೆಲೆ ಚೌಕಾಸಿ ಮಾಡದೆ ಇಪ್ಪತ್ತು ಗೊಂಬೆ ಬೇಕು ಅಂತ. ಆಮೇಲೆ ‘ಮುಂಗಡ ಹಾಕಲು’ ಒಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ದುಡ್ಡು ಬರಬೇಕಾದವರು ಸ್ಕ್ಯಾನ್ ಮಾಡುವುದೂ ಇಲ್ಲ, ಯುಪಿಐ ಪಿನ್ ಒತ್ತುವುದೂ ಇಲ್ಲ ಅನ್ನುವುದನ್ನು ಫೋನ್ ಎತ್ತುವ ಮನೆಯವರೆಲ್ಲರಿಗೂ ಹೇಳಿಡಿ. ಒತ್ತಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಪುಟದಲ್ಲಿ ಹಾಕುವ ಖಾತೆ ಮನೆಖರ್ಚಿನದ್ದಾಗದೆ ಬೇರೆಯದೇ ಇರಲಿ, ಅದರಲ್ಲಿ ದೊಡ್ಡ ಮೊತ್ತ ನಿಲ್ಲಿಸಬೇಡಿ.