ಹಳೇ ಇಗರ್ಜಿ, ಹೊಸ ಗೋಡೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಮ್ಮೂರ ಇಗರ್ಜಿ (ಚರ್ಚು) ನೂರು ವರ್ಷಕ್ಕೂ ಹಳೇದು, ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಮೇಲೆ ಹಂಚು. ಇಪ್ಪತ್ತು ವರ್ಷದ ಹಿಂದೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ದು, ಈಗ ಕೆಳಗಿಂದ ಮೂರಡಿವರೆಗೆ ಉದುರ್ತಾ ಇದೆ, ಎಷ್ಟು ಸಲ ಪುಟ್ಟಿ ಹಾಕಿದ್ರೂ ನಿಲ್ತಿಲ್ಲ. ಮೊಂತಿ ಫೆಸ್ತ್ (ತೆನೆ ಹಬ್ಬ), ಕ್ರಿಸ್ಮಸ್ ಬಂದ್ರೆ ಅರ್ಧ ಜನ ಅಂಗಳದಲ್ಲಿ. ಹಂಚು ತೆಗೆದು ಸ್ಲ್ಯಾಬ್ ಹಾಕಿ, ಒಂದು ಬದಿ ಗೋಡೆ ಒಡೆದು ಅಗಲ ಮಾಡುವ ಅಂತ ಕಂಟ್ರಾಕ್ಟರ್ ಹೇಳ್ತಾರೆ. ಪಾಲನಾ ಮಂಡಳಿಯಲ್ಲಿ ಎರಡು ಪಕ್ಷ ಆಗಿದೆ. ಹಳೇ ಮರದ ಬಲಿಪೀಠವನ್ನೂ ತೆಗೀಬೇಕು ಅಂತಾರೆ. ಏನು ಮಾಡೋದು?
– ಉಡುಪಿ ಜಿಲ್ಲೆಯ ಓದುಗರು

ಉತ್ತರ: ಮೊದಲು ಆ ಸ್ಲ್ಯಾಬಿನ ಮಾತು ಬಿಟ್ಬಿಡಿ ಮಾರಾಯ್ರೇ. 5 ಇಂಚಿನ ಸ್ಲ್ಯಾಬ್ ಅಂದ್ರೆ ಚದರ ಮೀಟರಿಗೆ 300 ಕೆ.ಜಿ. ದಾಟುತ್ತೆ, ಹಂಚು, ಅದನ್ನ ಹೊರೋ ಮರದ ಪಕ್ಕಾಸು, ರೀಪು ಎಲ್ಲ ಸೇರಿದ್ರೂ ಅದರ ಮೂರನೇ ಒಂದು ಪಾಲು ಬರೋದಿಲ್ಲ, ಅಷ್ಟು ಭಾರ ಹೊರೋಕೆ ಅಂತ ನಿಮ್ಮ ಪಾಯ ಹಾಕಿದ್ದೇ ಅಲ್ಲ. ನಮ್ಮ ಕರಾವಳಿಗೆ ವರ್ಷಕ್ಕೆ 3,500 ಮಿ.ಮೀ. ಮೇಲೆ ಮಳೆ, ಅದಕ್ಕೆ ಇಳಿಜಾರು ಮಾಡೇ (ಛಾವಣಿಯೇ) ಸರಿ. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ಮೇಲೆ ಇಲ್ಲಿ ಹಂಚಿನ ಮಾಡು ಹಬ್ಬಿದ್ದು ಸುಮ್ನೆ ಅಲ್ಲ. ಗೆದ್ದಲು ತಿಂದ ಪಕ್ಕಾಸು ಬದಲಿಸಿ, ಒಡೆದ ಹಂಚು ಬದಲಿಸಿ, ಸಾಕು.

ಇನ್ನು ಪ್ಲಾಸ್ಟರ್. ಮುರಕಲ್ಲು ನೀರು ಕುಡಿಯೋ ಕಲ್ಲು, ಕುಡಿದದ್ದನ್ನ ಬಿಸಿಲಿಗೆ ವಾಪಸ್ ಬಿಡಬೇಕು, ನೀವು ಅದರ ಮೇಲೆ ಸಿಮೆಂಟ್ ಬಳಿದು ಬಾಯಿ ಕಟ್ಟಿದ್ದೀರಿ, ಒಳಗಿನ ತೇವ ಉಪ್ಪನ್ನ ಎಳ್ಕೊಂಡು ಬಂದು ಪ್ಲಾಸ್ಟರನ್ನೇ ದೂಡ್ತದೆ. ಪುಟ್ಟಿಯಿಂದ ಅದು ಯಾವತ್ತೂ ಸರಿ ಆಗಲ್ಲ. ಸಿಮೆಂಟ್ ಪೂರ್ತಿ ಕೆತ್ತಿಸಿ, ಒಂದು ಬೇಸಿಗೆ ಗೋಡೆ ಹಾಗೇ ಒಣಗಲಿ, ಮಂಡಳಿಯವರು ಚೆಂದ ಕಾಣಲ್ಲ ಅಂತ ಗೊಣಗಿದ್ರೂ ಪರವಾಗಿಲ್ಲ. ಆಮೇಲೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ತೆಳು ತೆಳುವಾಗಿ. ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬೇಡ, ಸುಣ್ಣವೇ ಬಳೀರಿ. ಸುಣ್ಣದ ಗಾರೆ ಗಟ್ಟಿ ಇಲ್ಲ ಅನ್ನೋರಿಗೆ ಹಾಸನದ ಶೆಟ್ಟಿಹಳ್ಳಿ ಚರ್ಚು ತೋರಿಸಿ, ಹೇಮಾವತಿ ಹಿನ್ನೀರಲ್ಲಿ ಮುಳುಗಿ ಎದ್ದು ಸುಮಾರು ಭಾಗ ಬಿದ್ರೂ ಇನ್ನೂ ಒಂದಷ್ಟು ನಿಂತಿದೆ.

ಒಂದು ಕೇಳೋಕೆ ಮರೆತೆ, ಅಂಗಳಕ್ಕೆ ಗೋಡೆವರೆಗೂ ಇಂಟರ್‌ಲಾಕ್ (ಸಿಮೆಂಟ್ ಬ್ಲಾಕಿನ ಹಾಸು) ಹಾಕಿಸಿದ್ದೀರಾ? ಈಗ ಎಲ್ಲಾ ಕಡೆ ಅದೇ. ಅಂಗಳದ ಮಟ್ಟ ಏರಿ, ಮಾಡಿನ ನೀರು ಅದಕ್ಕೆ ಬಡಿದು ಗೋಡೆಗೆ ಹಾರ್ತದೆ. ಹಾಗಿದ್ರೆ ಗೋಡೆ ಪಕ್ಕ ಎರಡಡಿ ಕಿತ್ತು ಜಲ್ಲಿ ಹಾಕಿ, ಚರಂಡಿ ಮಾಡಿ. ನಿಮ್ಮ ಮೂರಡಿ ತೇವದಲ್ಲಿ ಅರ್ಧ ಇದರಿಂದಲೇ ಇರಬಹುದು.

ಜಾಗದ ವಿಷಯಕ್ಕೆ ಬಂದ್ರೆ, ವರ್ಷಕ್ಕೆ ನಾಲ್ಕೈದು ದಿನದ ಜನಕ್ಕೋಸ್ಕರ ಮಾಡು ಹೊತ್ತಿರೋ ಗೋಡೆ ಒಡೆಯೋದು ನಂಗಂತೂ ಸರಿ ಕಾಣಲ್ಲ. ಎರಡೂ ಬದಿಗೆ ಅಗಲವಾದ ಜಗಲಿ ಕಟ್ಟಿ, ಈಗಿರೋ ಬದಿ ಬಾಗಿಲುಗಳನ್ನೇ ತೆರೆದಿಟ್ರೆ ಬಲಿಪೀಠ ಕಾಣ್ತದೆ. ಹೊಸ ಕಂಬಗಳಿಗೆ ಅದರದೇ ಪಾಯ ಇರಲಿ, ಅದೂ ಹಳೇ ಪಾಯದಿಂದ ದೂರ ಇಟ್ಟು, ಯಾಕಂದ್ರೆ ಹಳೇ ಗೋಡೆ ಕೂತಾಗಿದೆ, ಹೊಸದು ಇನ್ನು ಮೇಲೆ ಕೂರ್ತದೆ, ಎರಡನ್ನೂ ಬಿಗಿದ್ರೆ ಎರಡೇ ಮಳೆಗಾಲದಲ್ಲಿ ಬಿರುಕು. ಜಗಲಿ ಮಾಡು, ಹಳೇ ಗೋಡೆ ಎರಡರ ನಡುವೆ ಒಂದಿಂಚು ಗ್ಯಾಪ್ ಬಿಟ್ಟು, ಮೇಲೆ ಶೀಟ್ ಬಗ್ಗಿಸಿ ಮುಚ್ಚಿ. ಜಗಲಿ ಮಾಡು ಹಳೇ ಸೂರಿಗಿಂತ ಕೆಳಗಿರಲಿ. ಎರಡು ಮಾಡಿನ ನೀರು ಒಂದೇ ದಂಬೆಗೆ (ನೀರು ಹರಿಯೋ ದೋಣಿಗೆ) ಬೀಳೋ ಹಾಗೆ ಮಾಡ್ಬೇಡಿ, ಜುಲೈಯಲ್ಲಿ ಅದು ತುಂಬಿ ಒಳಗೇ ಸುರೀತದೆ, ನಾನೇ ಒಂದು ಕಡೆ ಹಾಗೆ ಮಾಡ್ಸಿ ಬೈಸ್ಕೊಂಡಿದ್ದೇನೆ.

ನಕ್ಷೆ ರೆಡಿಯಾದ್ಮೇಲೆ ಪಂಚಾಯತು, ಬಿಷಪ್ ಹೌಸು ಎರಡರದ್ದೂ ಅನುಮತಿ ತಗೊಳ್ಳಿ.

ಬಲಿಪೀಠ ತೆಗೀಬೇಡಿ. ಎರಡನೇ ವ್ಯಾಟಿಕನ್ ಸಭೆ (1962–65) ಆದ್ಮೇಲೆ ಫಾದರ್ ಜನರ ಕಡೆ ಮುಖ ಮಾಡಿ ಪೂಜೆ ಮಾಡೋ ರೂಢಿ ಬಂತು, ಅದಕ್ಕೆ ಮುಂದೆ ಒಂದು ಸಣ್ಣ ಪೀಠ ಇಟ್ರೆ ಆಯ್ತಲ್ಲ, ಹಿಂದಿನದ್ದು ಇದ್ದಲ್ಲೇ ಇರಲಿ. ಹೊಳೀಲಿ ಅಂತ ಎನಾಮೆಲ್ ಪೈಂಟ್ ಮಾತ್ರ ಬಳಿಸ್ಬೇಡಿ.