ಆ್ಯಶ್ ಅಂದ್ರೆ ಬೂದಿನೇ ಹಾಕ್ತಾರಾ ಡಾಕ್ಟ್ರೇ?

ಪ್ರಶ್ನೆ: ನಮ್ಮನೇಲಿ 3 ವರ್ಷದ ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಇದೆ, ಜೊತೆಗೆ ಬೀದಿಯಿಂದ ಬಂದು ಸೇರ್ಕೊಂಡಿರೋ ಒಂದು ಬೆಕ್ಕು. ನಾಯಿ ಫುಡ್ ಎರಡು ಪ್ಯಾಕ್ ನೋಡಿದೆ, ಒಂದ್ರಲ್ಲಿ ಮೊದಲ ಐಟಂ ‘ಚಿಕನ್’, ಇನ್ನೊಂದ್ರಲ್ಲಿ ‘ಚಿಕನ್ ಮೀಲ್’. ಮೀಲ್ ಅಂದ್ರೆ ವೇಸ್ಟು ಅಂತಾರೆ ಅಂಗಡಿಯವ್ರು. ಬೈಪ್ರಾಡಕ್ಟ್ ಅಂದ್ರೆ ಪುಕ್ಕ, ಕಾಲು ಎಲ್ಲಾ ರುಬ್ಬಿ ಹಾಕ್ತಾರಂತೆ, ಹೌದಾ? ಕ್ರೂಡ್ ಆ್ಯಶ್ ಶೇ 8 ಅಂತಿದೆ, ಬೂದಿ ಯಾಕೆ ಹಾಕ್ತಾರೆ? ಬೆಕ್ಕು ನಾಯಿ ತಟ್ಟೆಗೇ ಬಾಯಿ ಹಾಕುತ್ತೆ, ಪರವಾಗಿಲ್ವಾ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಬೂದಿ ಯಾರೂ ಹಾಕಲ್ಲ, ಮೊದಲು ಆ ಭಯ ಬಿಡಿ. ಲ್ಯಾಬಲ್ಲಿ (ನಿಮ್ಮನೆ ಲ್ಯಾಬ್ ಅಲ್ಲ!) ಫುಡ್ಡನ್ನ ಪೂರ್ತಿ ಸುಟ್ಟು ನೋಡ್ತಾರೆ, ಸುಟ್ಟ ಮೇಲೆ ಉಳಿಯೋದು ಕ್ಯಾಲ್ಸಿಯಂ, ಫಾಸ್ಫರಸ್ ಥರದ ಖನಿಜ, ಅದರ ಲೆಕ್ಕನೇ ಆ್ಯಶ್. ಮೂಳೆ ಅಂಶ ಜಾಸ್ತಿ ಇದ್ರೆ ಈ ನಂಬರೂ ಜಾಸ್ತಿ ಬರುತ್ತೆ. ಒಣ ಫುಡ್ಡಲ್ಲಿ 8 ಅಂದ್ರೆ ಗಾಬರಿ ಬೀಳೋ ಅಂಥದ್ದೇನಲ್ಲ.

ಈಗ ಚಿಕನ್ ಜಗಳಕ್ಕೆ ಬರೋಣ, ಅಸಲಿ ಮಜಾ ಇಲ್ಲೇ ಇರೋದು. ಪ್ಯಾಕ್ ಹಿಂದಿನ ಪಟ್ಟಿ ತೂಕದ ಲೆಕ್ಕದಲ್ಲಿ ಇರುತ್ತೆ, ಜಾಸ್ತಿ ಇರೋದು ಮೊದಲು, ಆದ್ರೆ ಆ ತೂಕ ಬೇಯ್ಸೋಕ್ ಮುಂಚೆದು, ನೀರೂ ಸೇರಿಸಿ. ಒಂದು ಕೆಜಿ ಚಿಕನ್ ತಂದು ಸುಕ್ಕಾ ಮಾಡಿದಾಗ ಬಾಣಲೆಲಿ ಎಷ್ಟು ಉಳಿಯುತ್ತೆ ಅಂತ ನಿಮ್ಮನೆಯವ್ರನ್ನೇ ಕೇಳಿ. ಹಸಿ ಚಿಕನ್ನಲ್ಲಿ ಹೆಚ್ಚುಕಮ್ಮಿ ಶೇ 70 ನೀರೇ. ಒಂದು ಉದಾಹರಣೆಗೆ ಚಿಕನ್ 10 ಕೆಜಿ, ಮೆಕ್ಕೆಜೋಳ 8 ಕೆಜಿ, ಅಕ್ಕಿ 6 ಕೆಜಿ ಹಾಕಿದ್ರು ಅಂದ್ಕೊಳ್ಳಿ, ಲೇಬಲ್ಲಲ್ಲಿ ಚಿಕನ್ನೇ ಫಸ್ಟು, ಆದ್ರೆ ಎಲ್ಲಾ ಒಣಗಿ ಕಾಳಾಗಿ ಹೊರಗೆ ಬರೋ ಹೊತ್ತಿಗೆ ಚಿಕನ್ ಉಳಿಯೋದು 3 ಕೆಜಿ, ಮೆಕ್ಕೆಜೋಳ 7 ಕೆಜಿ, ಅಂದ್ರೆ ನೀವು ಚಿಕನ್ ರೇಟ್ ಕೊಟ್ಟು ನಿಮ್ಮೂರ ಕಡೆ ಹೊಲದಲ್ಲಿ ಧಾರಾಳವಾಗಿ ಬೆಳೆಯೋದನ್ನೇ ಮನೆಗೆ ತಂದಂಗಾಯ್ತು. ಮೀಲ್ ಅಂದ್ರೆ ಅದೇ ಕೋಳಿನ ಬೇಯ್ಸಿ, ನೀರು ಕೊಬ್ಬು ತೆಗೆದು ಪುಡಿ ಮಾಡಿರೋದು, ಅದ್ರಲ್ಲಿ ಪ್ರೋಟೀನ್ ಶೇ 65ರ ಸುಮಾರು ಇರುತ್ತೆ. ಹಂಗಾಗಿ ಮೀಲ್ ವೇಸ್ಟು ಅನ್ನೋದು ಸುಳ್ಳು. ಆದ್ರೆ ಬರೀ ‘ಮೀಟ್ ಮೀಲ್’ ಅಂತ ಬರೆದು ಯಾವ ಪ್ರಾಣಿ ಅಂತಾನೇ ಹೇಳ್ದಿದ್ರೆ ನಾನಂತೂ ತಗೊಳ್ಳಲ್ಲ.

ಇನ್ನೊಂದು ಜಾಣತನನೂ ನೋಡಿ, ಮೆಕ್ಕೆಜೋಳನ ‘ಕಾರ್ನ್’, ‘ಕಾರ್ನ್ ಫ್ಲೋರ್’, ‘ಕಾರ್ನ್ ಗ್ಲೂಟನ್’ ಅಂತ ಮೂರು ಹೆಸರಲ್ಲಿ ಒಡೆದು ಬರೆದ್ರೆ ಒಂದೊಂದೂ ಪಟ್ಟಿಲಿ ಕೆಳಗೆ ಹೋಗುತ್ತೆ, ಮೂರೂ ಕೂಡಿದ್ರೆ ಮೇಲಿರೋ ಚಿಕನ್ನನ್ನೇ ಮೀರಿಸುತ್ತೆ.

ಬೈಪ್ರಾಡಕ್ಟ್ ವಿಷ್ಯ ಅರ್ಧ ನಿಜ. ಲಿವರ್, ಕರುಳು, ಕಾಲು, ಕತ್ತು ಎಲ್ಲಾ ಬರುತ್ತೆ, ಪುಕ್ಕ ಬೇಕಂತ ಸೇರಿಸೋ ಹಂಗಿಲ್ಲ ಅಂತ ಪ್ರಾಣಿಗಳ ಫುಡ್ಡಿಗೆ ಮಾನದಂಡ ರೂಪಿಸೋ ಅಮೆರಿಕದ ಆ್ಯಫ್ಕೊ ಸಂಸ್ಥೆಯ ವ್ಯಾಖ್ಯೆ ಹೇಳುತ್ತೆ, ನಮ್ಮಲ್ಲಿ ಸಿಗೋ ಎಷ್ಟೋ ಪ್ಯಾಕ್ ಮೇಲೂ ಆ ಹೆಸರು ಕಾಣುತ್ತೆ. ಬೋಟಿ ಗೊಜ್ಜು, ಲಿವರ್ ಫ್ರೈ ಚಪ್ಪರಿಸ್ಕೊಂಡು ತಿನ್ನೋ ನಾವು ನಾಯಿ ವಿಷ್ಯದಲ್ಲಿ ಮಾತ್ರ ಮೂಗು ಮುರಿಯೋದ್ರಲ್ಲಿ ಅರ್ಥ ಇಲ್ಲ.

ಪ್ರೋಟೀನ್ ನಂಬರ್ ಒಂದನ್ನೇ ನಂಬ್ಕೊಂಡೂ ಕೂರಬೇಡಿ. ‘ಕ್ರೂಡ್ ಪ್ರೋಟೀನ್’ ಅಂದ್ರೆ ಸಾರಜನಕ ಅಳೆದು 6.25ರಿಂದ ಗುಣಿಸಿರೋ ಲೆಕ್ಕ, ಸಾರಜನಕ ಎಲ್ಲಿಂದ ಬಂತು ಅಂತ ಅದು ಕೇಳಲ್ಲ. 2007ರಲ್ಲಿ ಚೀನಾದಿಂದ ಅಮೆರಿಕಕ್ಕೆ ಹೋದ ಗೋಧಿ ಗ್ಲೂಟನ್‌ನಲ್ಲಿ ಇದನ್ನೇ ಬಳಸ್ಕೊಂಡು ಮೆಲಮೈನ್ (ಪ್ಲಾಸ್ಟಿಕ್ ತಯಾರಿಕೆಗೆ ಬಳಸೋ, ಸಾರಜನಕ ಜಾಸ್ತಿ ಇರೋ ರಾಸಾಯನಿಕ) ಬೆರೆಸಿದ್ರು, ಪ್ರೋಟೀನ್ ಜಾಸ್ತಿ ತೋರಿಸ್ತು, ನಾಯಿ ಬೆಕ್ಕುಗಳ ಕಿಡ್ನಿ ಹೋಯ್ತು. ಹಾಂ, ಗ್ರೇವಿ ಪೌಚಲ್ಲಿ ಪ್ರೋಟೀನ್ ಶೇ 8, ಒಣ ಫುಡ್ಡಲ್ಲಿ 22 ಅಂತ ಹೋಲಿಸ್ಬೇಡಿ. ಪೌಚಲ್ಲಿ ಶೇ 82 ನೀರಿದ್ರೆ ಉಳಿದ 18ರಲ್ಲಿ 8 ಪ್ರೋಟೀನು, ಅಂದ್ರೆ ಶೇ 44. ಒಣದ್ರಲ್ಲಿ ನೀರು ಶೇ 10 ಇದ್ರೆ 90ಕ್ಕೆ 22, ಸುಮಾರು ಶೇ 24.

ಇನ್ನು ಬೆಕ್ಕಿಗೆ ದಿನಾ ನಾಯಿ ಫುಡ್ ಮಾತ್ರ ನಡೆಯಲ್ಲ. ಟೌರಿನ್ ಅಂತ ಒಂದು ಪೋಷಕಾಂಶ ಇದೆ, ನಾಯಿ ಸಾಮಾನ್ಯವಾಗಿ ಮೈಯಲ್ಲೇ ಮಾಡ್ಕೊಳ್ಳುತ್ತೆ, ಬೆಕ್ಕಿಗೆ ಸಾಕಾಗೋಷ್ಟು ಮಾಡ್ಕೊಳ್ಳೋಕಾಗಲ್ಲ, ಊಟದಲ್ಲೇ ಬರ್ಬೇಕು. ಕಮ್ಮಿಯಾದ್ರೆ ಕಣ್ಣಿನ ರೆಟಿನಾ ಹಾಳಾಗುತ್ತೆ, ಹೃದಯ ಹಿಗ್ಗಿ ಸೋತುಹೋಗುತ್ತೆ. ನಾಯಿ ಫುಡ್ಡಿಗೆ ಟೌರಿನ್ ಹಾಕಲೇಬೇಕು ಅಂತೇನಿಲ್ಲ, ಹಂಗಾಗಿ ಬೆಕ್ಕು ದಿನಾ ಅದನ್ನೇ ತಿಂದ್ರೆ ಕೊರತೆ ನಿಧಾನಕ್ಕೆ ಬರುತ್ತೆ, ನಿಮಗೆ ಗೊತ್ತೂ ಆಗಲ್ಲ. ಮೊಸರನ್ನ ಹಾಕಿ ಸಾಕೋರಿಗೂ ಇದೇ ಮಾತು. ಯಾವಾಗ್ಲೋ ಒಂದು ಬಾಯಿ ಕದ್ದು ತಿಂದ್ರೆ ಏನಾಗಲ್ಲ, ಬೆಕ್ಕಿನ ಫುಡ್ ಬೇರೆ ತನ್ನಿ, ಲೇಬಲ್ಲಲ್ಲಿ ಟೌರಿನ್ ಹುಡುಕಿ, ಮತ್ತೆ ಆ ತಟ್ಟೆನ ಫ್ರಿಜ್ ಮೇಲಿಡಿ, ಬೆಕ್ಕು ಹತ್ತುತ್ತೆ. ಕೆಳಗಿಟ್ರೆ ನಿಮ್ಮ ಲ್ಯಾಬ್ ಎರಡೇ ನಿಮಿಷದಲ್ಲಿ ನೆಕ್ಕಿ ಖಾಲಿ ಮಾಡುತ್ತೆ.